ದಾಳ ಮೊದಲು, ಕ್ಲಾಸ್ ಆಮೇಲೆ: ಗ್ಯಾರಿ ಗೈಗ್ಯಾಕ್ಸ್ ಕಥೆ

ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ನಾವು ಮಾಡುವ ಮೊದಲ ಕೆಲಸ ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವಾರದಿಂದ ಡೌನ್‌ಲೋಡ್‌ಗೆ ಹಾಕಿಟ್ಟ ಗೇಮ್ ತೆರೆಯೋದು. ಲಾಗಿನ್ ಆದ ಕೂಡಲೇ ಬರೋದು ಕ್ಲಾಸ್ ಆರಿಸುವ ಪರದೆ. ವಾರಿಯರ್, ಮೇಜ್, ಪ್ರೀಸ್ಟ್, ರೋಗ್, ಪ್ಯಾಲಡಿನ್. ಒಂದೊಂದರ ಮೇಲೆ ಕ್ಲಿಕ್ ಮಾಡಿದಾಗಲೂ ಪಾತ್ರ ತಿರುಗಿ ನಿಲ್ಲುತ್ತೆ, ನಿಲುವಂಗಿ ಗಾಳಿಗೆ ಹಾರುತ್ತೆ, ಕತ್ತಿಯ ಅಲಗಿನ ಮೇಲೆ ಬೆಳಕು ಜಾರುತ್ತೆ. ಗ್ರಾಫಿಕ್ಸ್ ನೋಡ್ತಾ ನೋಡ್ತಾ ಅರ್ಧ ಗಂಟೆ ಹೋಗಿದ್ದೇ ತಿಳಿಯಲ್ಲ. ಇನ್ನು ಜಗಳ ಬೇರೆ. ರೂಮಿನಲ್ಲಿ ನಾಲ್ಕು ಜನ ಇದ್ದರೆ ನಾಲ್ವರಿಗೂ ಮೇಜ್ ಬೇಕು. ಹೀಲರ್ ಆಗೋಕೆ ಮಾತ್ರ ಒಬ್ಬರೂ ಒಪ್ಪಲ್ಲ.

ಈ ಕ್ಲಾಸ್‌ಗಳ ಪಟ್ಟಿ ಎಲ್ಲಿಂದ ಬಂತು ಅಂತ ನಾವ್ಯಾರೂ ಯೋಚಿಸಿರಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಗಿದ್ದೇನಂದ್ರೆ, ಅದು ದೊಡ್ಡ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ, ಕಂಪ್ಯೂಟರ್‌ನಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದ ಒಂದು ಪುಟ್ಟ ಊರಿನಲ್ಲಿ, ಕೆಲಸ ಕಳೆದುಕೊಂಡು ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡ್ತಿದ್ದ, ಐದು ಮಕ್ಕಳ ತಂದೆಯೊಬ್ಬ ಟೈಪ್‌ರೈಟರ್‌ನಲ್ಲಿ ಕುಟ್ಟಿದ ಹಾಳೆಗಳಲ್ಲಿ ಅದು ಮೊದಲು ಅಚ್ಚಿಗೆ ಸಿದ್ಧವಾಯಿತು. ಆತನ ಹೆಸರು ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್. ಈ ಸಂಚಿಕೆಯಲ್ಲಿ ಆತನ ಬದುಕನ್ನು ಹೇಳೋಣ ಅಂತ ಹೊರಟಿದ್ದೇವೆ.

ಓದು ಬಿಟ್ಟ ಹುಡುಗ

ಗ್ಯಾರಿ ಹುಟ್ಟಿದ್ದು 1938ರ ಜುಲೈ 27ರಂದು, ಶಿಕಾಗೋದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ಬಂದವರು. ಶಿಕಾಗೋ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸಿದ್ದವರು. ಮಗನಿಗೆ ರಾತ್ರಿ ಹೊತ್ತು ಮಾಂತ್ರಿಕರ, ದೈತ್ಯರ ಕಥೆ ಹೇಳ್ತಿದ್ದರಂತೆ. ಹುಡುಗನಿಗೆ ಎಂಟು ವರ್ಷವಾದಾಗ, 1946ರಲ್ಲಿ, ಸಂಸಾರ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾಗೆ ಬಂತು. ಅದು ತಾಯಿಯ ತವರು, ಕೆರೆ ದಂಡೆಯ ಸಣ್ಣ ಊರು. ಗ್ಯಾರಿ ಜೀವನದ ಬಹುಪಾಲು ಕಳೆದದ್ದು ಅಲ್ಲೇ.

ಚೆಸ್ ಹುಚ್ಚು ತೀರಾ ಚಿಕ್ಕಂದಿನಿಂದ ಇತ್ತು. ಜೊತೆಗೆ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಸಾಹಸ ಕಥೆಗಳ ಪತ್ರಿಕೆಗಳು. ರಾಬರ್ಟ್ ಇ. ಹೊವಾರ್ಡ್, ಫ್ರಿಟ್ಜ್ ಲೈಬರ್, ಜಾಕ್ ವಾನ್ಸ್ ಇವರನ್ನೆಲ್ಲ ಬಿಟ್ಟೂಬಿಡದೆ ಓದಿದ. ಪಠ್ಯಪುಸ್ತಕ ಮಾತ್ರ ತಲೆಗೆ ಹತ್ತಲಿಲ್ಲ. ಹೈಸ್ಕೂಲನ್ನೇ ಮಧ್ಯದಲ್ಲಿ ಬಿಟ್ಟ. ಸೈನ್ಯದ ಮರೀನ್ ದಳಕ್ಕೆ ಸೇರಿದ, ನ್ಯುಮೋನಿಯಾ ಆಗಿ ವಾಪಸ್ ಬಂದ. 1958ರಲ್ಲಿ ಮೇರಿ ಜೋ ಅವರನ್ನು ಮದುವೆಯಾದ. ಕೊನೆಗೆ ಶಿಕಾಗೋದ ವಿಮಾ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾರಿಗೆ ವಿಮೆ ಕೊಡಬಹುದು, ಅಪಾಯ ಎಷ್ಟು, ಪ್ರೀಮಿಯಂ ಎಷ್ಟು ಎಂದು ಲೆಕ್ಕ ಹಾಕುವ ಕೆಲಸ. ಪ್ರಾಬಬಿಲಿಟಿ ಕಲಿಯೋಕೆ ನಮ್ಮ ಎಂ3 ಪೇಪರ್‌ಗಿಂತ ಒಳ್ಳೆ ಜಾಗ ಅದೇ ಇರಬೇಕು!

ಅದೇ 1958ರ ಸುಮಾರಿಗೆ ಗೆಟಿಸ್‌ಬರ್ಗ್ ಎಂಬ ಬೋರ್ಡ್ ಗೇಮ್ ಕೈಗೆ ಬಂತು. ಅಮೆರಿಕದ ಅಂತರ್ಯುದ್ಧದ ಕದನವನ್ನು ನಕ್ಷೆಯ ಮೇಲೆ ಮತ್ತೆ ಕಾದಾಡುವ ಆಟ. ಅಲ್ಲಿಂದ ಮನೆಯ ಕಡೆ ಗಮನ ಕಡಿಮೆಯಾಯಿತು. ಒಂದು ಸಲ ಗಂಡನಿಗೆ ಬೇರೆ ಯಾರದೋ ಸಹವಾಸ ಇದೆ ಅಂತ ಅನುಮಾನ ಬಂದು, ಬಸುರಿಯಾಗಿದ್ದ ಮೇರಿ ಜೋ ಹಿಂಬಾಲಿಸಿ ಹೋದರಂತೆ. ನೋಡಿದರೆ ಗೆಳೆಯನ ಮನೆಯ ನೆಲಮಾಳಿಗೆಯಲ್ಲಿ ನಾಲ್ಕೈದು ಗಂಡಸರು ನಕ್ಷೆ ಹರಡಿಕೊಂಡು ಯುದ್ಧ ಮಾಡ್ತಾ ಕೂತಿದ್ದಾರೆ! ನಗು ಬರುತ್ತೆ ನಿಜ. ಆದರೆ ಸಂಸಾರದ ದೃಷ್ಟಿಯಿಂದ ನೋಡಿದರೆ ಅಷ್ಟೇನೂ ತಮಾಷೆಯ ವಿಷಯವಲ್ಲ.

1968ರಲ್ಲಿ ಊರಿನ ಹಾರ್ಟಿಕಲ್ಚರಲ್ ಹಾಲನ್ನು 50 ಡಾಲರ್ ಬಾಡಿಗೆಗೆ ಹಿಡಿದು ಆಟಗಾರರ ಸಮಾವೇಶ ಕರೆದ. ಸುಮಾರು ನೂರು ಜನ ಸೇರಿದರು. ಇವತ್ತು ಹತ್ತಾರು ಸಾವಿರ ಜನ ಸೇರುವ ಜೆನ್ ಕಾನ್ ಹುಟ್ಟಿದ್ದು ಹೀಗೆ. ಮರುವರ್ಷದ ಸಮಾವೇಶಕ್ಕೆ ಮಿನೆಸೋಟಾದಿಂದ ಒಬ್ಬ ಕಾಲೇಜು ಹುಡುಗ ಬಂದ. ಹೆಸರು ಡೇವ್ ಆರ್ನೆಸನ್. ಈ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಕೆಲಸ ಹೋಯಿತು, ಆಟ ಬಂತು

1970ರಲ್ಲಿ ಗ್ಯಾರಿಯ ವಿಮಾ ಕೆಲಸ ಹೋಯಿತು. ಐದು ಮಕ್ಕಳು, ಆದಾಯ ಇಲ್ಲ. ಹೊಟ್ಟೆಪಾಡಿಗೆ ಬೂಟು ರಿಪೇರಿ ಕಲಿತ. ಹಗಲು ಹೊಲಿಗೆ, ರಾತ್ರಿ ಆಟದ ನಿಯಮ ಬರೆಯೋದು. 1971ರಲ್ಲಿ ಜೆಫ್ ಪೆರೆನ್ ಜೊತೆ ಸೇರಿ ಚೈನ್‌ಮೇಲ್ ಎಂಬ ನಿಯಮಗಳ ಪುಸ್ತಕ ತಂದ. ಮಧ್ಯಯುಗದ ಸೈನ್ಯಗಳ ಯುದ್ಧ. ಅದರಲ್ಲಿ ದೊಡ್ಡ ಕಾಳಗದಲ್ಲಿ ಒಂದು ಪುಟ್ಟ ಗೊಂಬೆ ಅಂದರೆ 20 ಸೈನಿಕರ ಲೆಕ್ಕ. ಪುಸ್ತಕದ ಕೊನೆಗೆ ಮಾಂತ್ರಿಕ, ಡ್ರಾಗನ್, ಬೆಂಕಿಯುಂಡೆ ಇರುವ ಒಂದು ಅನುಬಂಧ ಸೇರಿಸಿದ.

ಆರ್ನೆಸನ್ ಆ ಅನುಬಂಧ ಹಿಡಿದುಕೊಂಡು ಬೇರೆಯದೇ ದಾರಿ ಹಿಡಿದಿದ್ದ. ಬ್ಲ್ಯಾಕ್‌ಮೂರ್ ಎಂಬ ಊರು ಕಟ್ಟಿದ, ಅದರ ಕೋಟೆಯ ಕೆಳಗೆ ಸುರಂಗಗಳನ್ನು ಬರೆದ. ಅಲ್ಲಿ ಒಬ್ಬ ಆಟಗಾರನಿಗೆ ಒಂದು ಸೈನ್ಯವಲ್ಲ, ಒಬ್ಬನೇ ಒಬ್ಬ ಮನುಷ್ಯ. ಆ ಮನುಷ್ಯ ಇವತ್ತು ಗೆದ್ದರೆ ಮುಂದಿನ ವಾರ ಇನ್ನಷ್ಟು ಬಲಶಾಲಿಯಾಗಿ ಬರುತ್ತಾನೆ. 1972ರ ಕೊನೆಯ ಹೊತ್ತಿಗೆ ಆರ್ನೆಸನ್ ಲೇಕ್ ಜಿನೀವಾಗೆ ಬಂದು ಇದನ್ನು ಆಡಿಸಿ ತೋರಿಸಿದ. ಗ್ಯಾರಿಗೆ ತಲೆ ಕೆಟ್ಟೇ ಹೋಯಿತು. ಕೂಡಲೇ ತನ್ನದೇ ಕೋಟೆ ಬರೆಯೋಕೆ ಕೂತ. ಅದೇ ಗ್ರೇಹಾಕ್.

ಆ ಕೋಟೆಗೆ ಮೊದಲು ಇಳಿದವರು ಯಾರು ಗೊತ್ತಾ? ಆತನ ಮಕ್ಕಳು, ಎರ್ನಿ ಮತ್ತು ಎಲೀಸ್. ಮೊದಲ ದಿನವೇ ಅವರಿಗೆ ಒಂದು ಪೆಟ್ಟಿಗೆ ತುಂಬ 3,000 ತಾಮ್ರದ ನಾಣ್ಯ ಸಿಕ್ಕಿತು. ಆದರೆ ಹೊರೋಕೆ ಆಗಲಿಲ್ಲ, ಅಷ್ಟು ಭಾರ. ಮಕ್ಕಳಿಗೆ ಸಿಟ್ಟೋ ಸಿಟ್ಟು. ಅವರು ಮಲಗಿದ ಮೇಲೆ ಅಪ್ಪ ಕೋಟೆಯ ಎರಡನೇ ಮಹಡಿ ಬರೆಯೋಕೆ ಶುರು ಮಾಡಿದ. ಮರುದಿನ ಗೆಳೆಯರೂ ಸೇರಿಕೊಂಡರು. ಗ್ಯಾರಿ ತಾನೂ ಆಟಗಾರನಾಗಿ ಕೂತಾಗ ಮೊದಲು ಮಾಡಿಕೊಂಡದ್ದು ಫೈಟರ್. ಹೆಸರು ಯ್ರಾಗ್, ಅಂದರೆ ತನ್ನದೇ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುವಿ ಹಾಕಿದ್ದು. ಆಮೇಲೆ ಮಾರ್ಡೆನ್‌ಕೈನನ್ ಎಂಬ ಮಾಂತ್ರಿಕ. ನಮ್ಮ ಹಾಗೆಯೇ, ಫೈಟರ್‌ನಿಂದ ಶುರು ಮಾಡಿ ಮೇಜ್‌ಗೆ ಮನಸೋತವನು!

ಆಟವನ್ನು ಅಚ್ಚು ಹಾಕೋಕೆ ಪ್ರಕಾಶಕರು ಸಿಗಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಸೇರಿ, ತಲಾ 1,000 ಡಾಲರ್ ಹಾಕಿ, ಟಿಎಸ್‌ಆರ್ ಎಂಬ ಕಂಪನಿ ತೆರೆದ. ಕೇ ತನ್ನ ಪಾಲಿನ ದುಡ್ಡನ್ನು ಜೀವವಿಮೆಯ ಮೇಲೆ ಸಾಲ ಎತ್ತಿ ತಂದಿದ್ದ. ಅದೂ ಸಾಲದೆ ಬಂದಾಗ ಬ್ರಯಾನ್ ಬ್ಲೂಮ್ ಎಂಬಾತ 2,000 ಡಾಲರ್ ಹಾಕಿ ಮೂರನೇ ಪಾಲುದಾರನಾದ. 1974ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರಬಂತು. ಮರದ ಬಣ್ಣದ ಡಬ್ಬಿಯಲ್ಲಿ ಮೂರು ಪುಟ್ಟ ಪುಸ್ತಕ, ಬೆಲೆ 10 ಡಾಲರ್, 1,000 ಪ್ರತಿ. ಡಬ್ಬಿಗಳಿಗೆ ಪುಸ್ತಕ ತುಂಬಿದ್ದು ಮನೆಯಲ್ಲೇ, ಕೈಯಲ್ಲೇ. ಮುಖಪುಟದಲ್ಲಿ ಹೆಸರು ಎರಡು: ಗೈಗ್ಯಾಕ್ಸ್ ಮತ್ತು ಆರ್ನೆಸನ್.

ಮೂರೇ ಮೂರು ಕ್ಲಾಸ್

ಆ ಮೊದಲ ಪುಸ್ತಕಗಳಲ್ಲಿ ಇದ್ದದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಆದರೆ ಆರಿಸುವ ಕ್ರಮ ನಮ್ಮದಕ್ಕೆ ಉಲ್ಟಾ. ನಾವು ಮೊದಲು ಕ್ಲಾಸ್ ಆರಿಸ್ತೀವಿ, ಗೇಮ್ ಅದಕ್ಕೆ ತಕ್ಕ ಅಂಕ ಕೊಡುತ್ತೆ. ಅಲ್ಲಿ ಮೊದಲು ದಾಳ. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಕೈಚಳಕ, ವರ್ಚಸ್ಸು, ಹೀಗೆ ಆರು ಗುಣಗಳು. ಒಂದೊಂದಕ್ಕೂ ಮೂರು ದಾಳ ಎಸೆದು ಕೂಡಬೇಕು. 216 ಸಾಧ್ಯತೆಗಳಲ್ಲಿ 18 ಬೀಳೋದು ಒಂದೇ ಒಂದು ಸಲ. 10 ಅಥವಾ 11 ಬೀಳೋದು 54 ಸಲ, ಅಂದರೆ ನಾಲ್ಕರಲ್ಲಿ ಒಂದು. ಸಾಧಾರಣ ಮನುಷ್ಯ ಹುಟ್ಟೋದೇ ಹೆಚ್ಚು. ಬಿದ್ದ ಅಂಕ ನೋಡಿಕೊಂಡು, ಇದರಲ್ಲಿ ನಾನು ಏನಾಗಬಹುದು ಅಂತ ಆಮೇಲೆ ಯೋಚಿಸಬೇಕು. ಬಲ ಇದ್ದರೆ ಫೈಟರ್, ಬುದ್ಧಿ ಇದ್ದರೆ ಮಾಂತ್ರಿಕ, ವಿವೇಕ ಇದ್ದರೆ ಕ್ಲೆರಿಕ್. ಸಿಇಟಿ ರ್‍ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ ಮಾಡಿದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಅದಕ್ಕಿಂತ ಮುಖ್ಯವಾದದ್ದು, ಯಾವ ಕ್ಲಾಸನ್ನೂ ಪೂರ್ತಿ ಮಾಡದೆ ಬಿಟ್ಟಿದ್ದು. ಫೈಟರ್ ಯಾವ ಆಯುಧ ಬೇಕಾದರೂ ಹಿಡಿಯಬಹುದು, ಮಂತ್ರ ಬರಲ್ಲ. ಮಾಂತ್ರಿಕನಿಗೆ ಕವಚ ಇಲ್ಲ, ಕೈಯಲ್ಲಿ ಒಂದು ಚೂರಿ ಅಷ್ಟೇ. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದು ಮಂತ್ರ. ಹೇಳಿದ ತಕ್ಷಣ ಅದೂ ಮರೆತುಹೋಗುತ್ತೆ. ಈ ಮರೆಯುವ ಮಂತ್ರದ ಉಪಾಯ ಜಾಕ್ ವಾನ್ಸ್ ಕಥೆಗಳಿಂದ ಬಂದದ್ದು. ಕ್ಲೆರಿಕ್‌ಗೆ ಕವಚ ಉಂಟು, ಗಾಯ ವಾಸಿ ಮಾಡುವ ಶಕ್ತಿಯೂ ಮುಂದೆ ಬರುತ್ತೆ, ಆದರೆ ಹರಿತವಾದ ಆಯುಧ ಹಿಡಿಯುವಂತಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕೊರತೆ. ಒಂಟಿಯಾಗಿ ಇಳಿದವನು ಬದುಕಿ ಮೇಲೆ ಬರೋದು ಕಷ್ಟ. ಒಟ್ಟಿಗೆ ಇಳಿದರೆ ಒಂದು ದಾರಿ ಇದೆ. ಇವತ್ತಿನ ಟ್ಯಾಂಕ್, ಹೀಲರ್, ಡ್ಯಾಮೇಜ್ ಲೆಕ್ಕವೆಲ್ಲ ಈ ಕೊರತೆಗಳ ಲೆಕ್ಕದ ಮೊಮ್ಮಕ್ಕಳು.

ಈ ಪಟ್ಟಿಯೂ ಒಬ್ಬನ ಕೈಯದಲ್ಲ. ಕ್ಲೆರಿಕ್ ಹುಟ್ಟಿದ್ದು ಆರ್ನೆಸನ್ ಆಟದಲ್ಲಿ. ಅಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ, ಯಾರ ಕೈಗೂ ಸಿಗದಷ್ಟು ಬಲವಾಗಿಬಿಟ್ಟಿತ್ತು. ಅದನ್ನು ತಡೆಯೋಕೆ ಪಿಶಾಚಿ ಬೇಟೆಗಾರ ಪುರೋಹಿತನೊಬ್ಬನನ್ನು ತಂದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬ್ಯಾಲೆನ್ಸ್ ಪ್ಯಾಚ್. ಥೀಫ್ ಕ್ಲಾಸಿನ ಯೋಚನೆ ಕ್ಯಾಲಿಫೋರ್ನಿಯಾದ ಆಟಗಾರರಿಂದ ಫೋನಿನಲ್ಲಿ ಬಂತು. ಗ್ಯಾರಿ ಅದನ್ನು ತಿದ್ದಿ 1975ರ ಗ್ರೇಹಾಕ್ ಪುಸ್ತಕದಲ್ಲಿ ಹಾಕಿದ. ಪ್ಯಾಲಡಿನ್ ಬಂದದ್ದೂ ಅದೇ ಪುಸ್ತಕದಲ್ಲಿ. ರೇಂಜರ್ ಅದೇ ವರ್ಷ ಕಂಪನಿಯ ಪತ್ರಿಕೆಗೆ ಇನ್ನೊಬ್ಬ ಬರೆದು ಕಳಿಸಿದ ಕ್ಲಾಸ್.

ಗ್ರಾಫಿಕ್ಸ್ ಎಲ್ಲಿತ್ತು?

ಎಲ್ಲೂ ಇರಲಿಲ್ಲ. ಮುಖಪುಟದಲ್ಲಿ ಹವ್ಯಾಸಿ ಕೈಯೊಂದು ಬರೆದ ಕುದುರೆ ಸವಾರನ ಚಿತ್ರ, ಒಳಗೆ ಅಲ್ಲಲ್ಲಿ ಗೀಚಿದ ಹಾಗಿರುವ ರೇಖಾಚಿತ್ರಗಳು. ಸುರಂಗದ ನಕ್ಷೆಯನ್ನು ಆಟಗಾರರೇ ಗ್ರಾಫ್ ಶೀಟಿನ ಮೇಲೆ ಬರೆದುಕೊಳ್ಳಬೇಕು. ಇಪ್ಪತ್ತು ಮುಖದ ದಾಳವನ್ನೂ ಶಾಲೆಗಳಿಗೆ ಪಾಠೋಪಕರಣ ಮಾರುವ ಕಂಪನಿಯಿಂದ ತರಿಸಿದ್ದು. ಮಾಮೂಲಿ ಅಂಗಡಿಯೊಂದರಲ್ಲಿ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ಸಿಕ್ಕಿತು. ಡೈನೋಸಾರ್ ಅಂತ ಮಾರುತ್ತಿದ್ದರೂ ಅದರಲ್ಲಿದ್ದದ್ದು ಯಾವ ಪ್ರಾಣಿಯೂ ಅಲ್ಲದ ವಿಚಿತ್ರ ಆಕಾರಗಳು. ಗ್ಯಾರಿ ಅದನ್ನೇ ಮೇಜಿನ ಮೇಲೆ ಇಟ್ಟ. ಒಂದು ಗೂಬೆಕರಡಿ ಆಯಿತು. ಇನ್ನೊಂದು ಕಬ್ಬಿಣ ಮುಟ್ಟಿದರೆ ತುಕ್ಕು ಹಿಡಿಸಿ ತಿಂದುಹಾಕುವ ರಸ್ಟ್ ಮಾನ್‌ಸ್ಟರ್ ಆಯಿತು. ಇವತ್ತಿಗೂ ಆ ಎರಡು ಪ್ರಾಣಿ 3ಡಿ ಗೇಮ್‌ಗಳಲ್ಲಿ ಓಡಾಡ್ತಿವೆ, ರೋಮ ರೋಮವೂ ಕಾಣುವ ಹಾಗೆ!

ಟೆಲಿವಿಷನ್‌ಗಿಂತ ರೇಡಿಯೋ ನಾಟಕದಲ್ಲೇ ಚಿತ್ರ ಚೆನ್ನಾಗಿ ಕಾಣುತ್ತೆ ಅನ್ನೋದು ಗ್ಯಾರಿಯ ನಂಬಿಕೆ. ಕಂಪ್ಯೂಟರ್ ಗೇಮ್‌ಗಳ ಬಗ್ಗೆಯೂ ಆತನ ಗೊಣಗಾಟ ಅದೇ ಆಗಿತ್ತು. ನಾವು ಇದನ್ನು ಪೂರ್ತಿ ಒಪ್ಪಲ್ಲ. ಮೋಡ ಸರಿದು ಬೆಟ್ಟದ ಮೇಲೆ ಬಿಸಿಲು ಬೀಳುವ ಆ ದೃಶ್ಯವನ್ನು ಯಾರೋ ಕೂತು ಶೇಡರ್ ಬರೆದು ಮಾಡಿದ್ದಾರೆ, ಅದೂ ಕಲ್ಪನೆಯೇ. ಆದರೆ ಒಂದು ಮಾತು ನಿಜ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹುಡುಗನೂ ಆ ಮೇಜಿನ ಸುತ್ತ ಎಲ್ಲರಷ್ಟೇ ಚೆನ್ನಾಗಿ ನೋಡಬಹುದಿತ್ತು.

ಕಂಪ್ಯೂಟರ್‌ಗೆ ಇದು ದಾಟಿದ್ದು ಕ್ಯಾಂಪಸ್‌ಗಳಿಂದಲೇ. ಪುಸ್ತಕ ಬಂದು ವರ್ಷ ಕಳೆಯುವಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಪಾಠದ ಕಂಪ್ಯೂಟರ್ ಜಾಲದಲ್ಲಿ, ಕಿತ್ತಳೆ ಬಣ್ಣದ ಪರದೆಗಳ ಮೇಲೆ, ಸುರಂಗದ ಆಟಗಳು ಕಾಣಿಸಿಕೊಂಡವು. ಅದರಲ್ಲಿ ಪೆಡಿಟ್5 ಎಂಬುದು ಪಾಠದ ಫೈಲಿನ ಜಾಗದಲ್ಲಿ ಕೂತಿದ್ದ ಆಟ. ಅಡ್ಮಿನ್‌ಗಳ ಕಣ್ಣಿಗೆ ಬಿದ್ದು ಡಿಲೀಟ್ ಆಯಿತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ಬರೆದ ಮಡ್ ಬಂತು. ಹಲವರು ಒಟ್ಟಿಗೆ ಆಡುವ ಆ ಆಟದಲ್ಲಿ ಇದ್ದದ್ದು ಬರೀ ಅಕ್ಷರ. ಅಲ್ಲಿಂದ 1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್, 2004ರಲ್ಲಿ ಒಂಬತ್ತು ಕ್ಲಾಸ್‌ಗಳೊಂದಿಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್.

ಮುಖಪುಟದ ಮೇಲೆ ಒಂದೇ ಹೆಸರು

ಇಲ್ಲಿಂದ ಕಥೆಗೆ ಬೇರೆ ಬಣ್ಣ. 1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡ, ಆಗಿನ್ನೂ 36 ವರ್ಷ. ಆತನ ಪಾಲನ್ನು ಕೊಳ್ಳೋಕೆ ಗ್ಯಾರಿ ಹತ್ತಿರ ದುಡ್ಡಿರಲಿಲ್ಲ. ಬ್ಲೂಮ್ ಕುಟುಂಬ ಹಣ ಹಾಕಿತು. ಕಂಪನಿ ಹುಟ್ಟಿಸಿದವನೇ ಅಲ್ಪ ಪಾಲುದಾರನಾದ.

1977ರಿಂದ 1979ರ ನಡುವೆ ಗ್ಯಾರಿ ಆಟವನ್ನು ದೊಡ್ಡದಾಗಿ ತಿದ್ದಿ ಮೂರು ದಪ್ಪ ಪುಸ್ತಕ ತಂದ. ಹೆಸರಿಗೆ ಅಡ್ವಾನ್ಸ್‌ಡ್ ಎಂಬ ಪದ ಸೇರಿತು. ಮುಖಪುಟದಿಂದ ಆರ್ನೆಸನ್ ಹೆಸರು ಹೋಯಿತು. ಇದು ಬೇರೆಯೇ ಆಟ, ಆದ್ದರಿಂದ ರಾಯಲ್ಟಿ ಇಲ್ಲ ಅನ್ನೋದು ಕಂಪನಿಯ ವಾದ. 1979ರಲ್ಲಿ ಆರ್ನೆಸನ್ ಕೋರ್ಟಿಗೆ ಹೋದ. 1981ರಲ್ಲಿ ರಾಜಿ ಆಯಿತು.

ನಮಗೆ ಇಡೀ ಕಥೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಂಡದ್ದು ಇದೇ. ಬರೆದದ್ದು ಗ್ಯಾರಿ, ಅದರಲ್ಲಿ ಅನುಮಾನವಿಲ್ಲ. ಆರ್ನೆಸನ್ ಕೊಟ್ಟದ್ದು ಕೆಲವೇ ಪುಟಗಳ ಟಿಪ್ಪಣಿ. ಅದನ್ನು ನೂರೈವತ್ತು ಪುಟಗಳ ನಿಯಮವಾಗಿಸಿ, ಅಚ್ಚು ಹಾಕಿಸಿ, ಮಾರಿದ್ದು ಗ್ಯಾರಿಯ ದುಡಿಮೆ. ಆದರೆ ಆ ಟಿಪ್ಪಣಿ ಇಲ್ಲದಿದ್ದರೆ ಬರೆಯೋಕೆ ಏನೂ ಇರುತ್ತಿರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಈ ಜಗಳ ಗೊತ್ತು. ಐಡಿಯಾ ಕೊಟ್ಟವಳು ಒಬ್ಬಳು, ರಾತ್ರಿ ಕೂತು ಕೋಡ್ ಬರೆದವನು ಇನ್ನೊಬ್ಬ, ರಿಪೋರ್ಟ್ ಬರೆದವರು ಮತ್ತೊಬ್ಬರು. ಪೋಸ್ಟರ್ ಮೇಲೆ ಯಾರ ಹೆಸರು ಮೊದಲು? ನಮ್ಮ ಕ್ಲಬ್ಬಿನಲ್ಲೇ ಹೋದ ವರ್ಷ ಇಂಥದ್ದೊಂದು ಪ್ರಶ್ನೆಯಿಂದ ಇಬ್ಬರು ಗೆಳೆಯರು ಮಾತು ಬಿಟ್ಟರು. ಹೀಲರ್ ಇಲ್ಲದೆ ಸುರಂಗ ದಾಟೋಕಾಗಲ್ಲ ಅಂತ ಜಗತ್ತಿಗೆ ಕಲಿಸಿದವನೇ, ಮೇಲೆ ಬಂದ ಮೇಲೆ ಹೀಲರ್‌ನ ಹೆಸರು ಮರೆತ.

ಆಮೇಲಿನದ್ದು ಬೇಗ ಹೇಳಿಬಿಡ್ತೀವಿ. ಆಟ ದೆವ್ವ ಪೂಜೆ ಕಲಿಸುತ್ತೆ ಅಂತ ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದಿತು. ಗುಲ್ಲೆದ್ದಷ್ಟೂ ಮಾರಾಟ ಹೆಚ್ಚಿತು. 1983ರಲ್ಲಿ ಮೊದಲ ಮದುವೆ ಮುರಿಯಿತು. ಗ್ಯಾರಿ ಹಾಲಿವುಡ್‌ನಲ್ಲಿ ಬಂಗಲೆ ಹಿಡಿದು ಆಟದ ಕಾರ್ಟೂನ್ ಸರಣಿ ಮಾಡಿಸ್ತಿದ್ದಾಗ ಊರಲ್ಲಿ ಕಂಪನಿ ಸಾಲದಲ್ಲಿ ಮುಳುಗಿತ್ತು. ಓಡಿಬಂದು, ದುಡ್ಡು ಹುಟ್ಟಿಸೋಕೆ 1985ರಲ್ಲಿ ಬಾರ್ಬೇರಿಯನ್, ಕ್ಯಾವಲಿಯರ್ ಎಂಬ ಹೊಸ ಕ್ಲಾಸ್‌ಗಳಿದ್ದ ಪುಸ್ತಕವೊಂದನ್ನು ಅವಸರದಲ್ಲಿ ತಂದ. ಹೊಸ ಕ್ಲಾಸ್ ಮಾರಿ ಕಂಪನಿ ಉಳಿಸೋದು ಇವತ್ತಿನ ಗೇಮ್ ಕಂಪನಿಗಳ ಉಪಾಯ ಅಂದುಕೊಂಡಿದ್ದೆವು, ಇಲ್ಲ. ಪುಸ್ತಕವೇನೋ ಓಡಿತು. ಆದರೆ ಅಷ್ಟರಲ್ಲಿ ಬ್ಲೂಮ್ ಸಹೋದರರು ತಮ್ಮ ಪಾಲನ್ನು ಗ್ಯಾರಿಯೇ ಕೆಲಸಕ್ಕೆ ತಂದಿದ್ದ ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿಬಿಟ್ಟರು. ಕೋರ್ಟಿನಲ್ಲೂ ಸೋತು 1986ರಲ್ಲಿ ಗ್ಯಾರಿ ತಾನೇ ಕಟ್ಟಿದ ಕಂಪನಿಯಿಂದ ಹೊರನಡೆದ. ಮಕ್ಕಳ ಜೊತೆ ಶುರು ಮಾಡಿದ ಗ್ರೇಹಾಕ್ ಕೂಡ ಕಂಪನಿಯ ಪಾಲಾಯಿತು. 1992ರಲ್ಲಿ ಹೊಸ ಆಟ ಬರೆದಾಗ ಅದೇ ಕಂಪನಿ ಆತನ ಮೇಲೆ ಕೇಸ್ ಹಾಕಿತು.

ಮೊದಲ ಲೆವೆಲ್‌ಗೆ ವಾಪಸ್

ಗ್ಯಾರಿ ಆಡೋದು ಬಿಡಲಿಲ್ಲ. 1987ರಲ್ಲಿ ಗೇಲ್ ಅವರನ್ನು ಮದುವೆಯಾಗಿ ಲೇಕ್ ಜಿನೀವಾದಲ್ಲೇ ನೆಲೆಸಿದ. 1997ರಲ್ಲಿ ಹಳೆ ಕಂಪನಿಯನ್ನು ಬೇರೆಯವರು ಕೊಂಡ ಮೇಲೆ ಅದರ ಪತ್ರಿಕೆಯಲ್ಲಿ ಮತ್ತೆ ಅಂಕಣ ಬರೆದ. 2004ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆಮೇಲೂ ವಾರಕ್ಕೊಮ್ಮೆ ಮನೆಯಲ್ಲಿ ದಾಳ ಉರುಳುತ್ತಿತ್ತು, ತೀರಿಕೊಳ್ಳುವ ಕೆಲವೇ ವಾರಗಳ ಮುಂಚಿನವರೆಗೂ. 2008ರ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಕೊನೆಯುಸಿರೆಳೆದ. ಮರುವರ್ಷ ಏಪ್ರಿಲ್‌ನಲ್ಲಿ ಡೇವ್ ಆರ್ನೆಸನ್ ಹೋದ.

ಇಬ್ಬರ ಕಥೆಗೂ ಒಂದು ಬಾಲ ಉಳಿದಿದೆ. 2006ರಲ್ಲಿ ಇವರ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್ ಆನ್‌ಲೈನ್ ಆಗಿ ಬಂತು. 3ಡಿ ಬೀದಿಗಳು, ದೀಪದ ಬೆಳಕು, ಕ್ಲಾಸ್ ಆರಿಸುವ ಪರದೆ ಎಲ್ಲವೂ ಇದ್ದ ಆಟ. ಅದರಲ್ಲಿ ಡೆಲೆರಾ ಸಮಾಧಿಯ ಸಾಹಸಗಳಿಗೆ ಇಳಿದರೆ ಕಥೆ ಹೇಳುವ ದನಿ ಗ್ಯಾರಿಯದು. ಥ್ರೆನಾಲ್ ಎಂಬ ಹಾಳೂರಿಗೆ ಹೋದರೆ ಅಲ್ಲಿ ಕೇಳೋದು ಆರ್ನೆಸನ್ ದನಿ. ಇಬ್ಬರೂ ತೀರಿಕೊಂಡ ಮೇಲೆ ಆಟ ಕಟ್ಟಿದವರು ಆ ಎರಡೂ ಜಾಗಗಳಲ್ಲಿ ಒಂದೊಂದು ಸ್ಮಾರಕ ನಿಲ್ಲಿಸಿದರು. ಪುಸ್ತಕದ ಮುಖಪುಟದಲ್ಲಿ ಒಟ್ಟಿಗೆ ನಿಲ್ಲಲಾಗದ ಎರಡು ಹೆಸರು ಒಂದೇ ಆಟದೊಳಗೆ, ಸ್ವಲ್ಪ ದೂರದಲ್ಲಿ, ನಿಂತಿವೆ.

ಈ ಲೇಖನ ಬರೆದು ಮುಗಿಸಿದ ರಾತ್ರಿ ನಾವು ನಾಲ್ವರು ಮತ್ತೆ ಹೊಸ ಗೇಮ್ ತೆರೆದೆವು. ಕ್ಲಾಸ್ ಆರಿಸುವ ಪರದೆ ಬಂತು. ಈ ಸಲ ಚೀಟಿ ಎತ್ತಿದೆವು, ದಾಳದ ಬದಲು. ಹೀಲರ್ ಚೀಟಿ ಬಂದವನು ಒಂದು ನಿಮಿಷ ಮುಖ ಸಣ್ಣ ಮಾಡಿಕೊಂಡ. ಬೆಳಗಿನ ಜಾವದ ಹೊತ್ತಿಗೆ ಎರಡನೇ ಸುರಂಗದಿಂದ ನಾಲ್ವರೂ ಜೀವಂತ ಹೊರಬಂದಾಗ, ಅವನ ಮೆಸ್ ಟೀ ದುಡ್ಡನ್ನು ಉಳಿದ ಮೂವರು ಕೊಟ್ಟೆವು.